ಸಿಕ್ಕ ಹಳೆ ನಾಣ್ಯ, ವಿಗ್ರಹ ಅಸಲಿಯೇ? ದುರ್ಗದ ಸುತ್ತಲಿನವರು ಯಾವುದಕ್ಕೆ ಯಾರನ್ನು ಕೇಳಬೇಕು

ಹೊಲ ಉಳುವಾಗ ಮೇಲೆದ್ದ ತಾಮ್ರದ ಬಿಲ್ಲೆ, ಹಳೆ ಮನೆ ಕೆಡವುವಾಗ ಹಗೇವಿನೊಳಗೆ ಕಂಡ ಗಡಿಗೆ, ಅಜ್ಜಿಯ ಪೆಟ್ಟಿಗೆಯ ತಳದಲ್ಲಿದ್ದ ಬೆಳ್ಳಿ ರೂಪಾಯಿ, ಸಂತೆಯಲ್ಲಿ ಕೊಂಡ ಆನೆ ಕಾಸು. ಚಿತ್ರದುರ್ಗ, ದಾವಣಗೆರೆ ಕಡೆ ಇಂಥವು ಕೈಗೆ ಬರುವುದು ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಸಾತವಾಹನರ ಕಾಲದ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ, ಟಿಪ್ಪುವಿನ ಕಾಲದಲ್ಲಿ ಚಿತ್ರದುರ್ಗದಲ್ಲೇ ಟಂಕಸಾಲೆ ಇತ್ತು. ಇಷ್ಟು ಹಳೆಯ ನೆಲವಾದ್ದರಿಂದಲೇ ಇಲ್ಲಿ ಅಸಲಿ ವಸ್ತುವೂ ಸಿಗುತ್ತದೆ, ಅದರ ಹೆಸರಿನಲ್ಲಿ ನಕಲಿಯೂ ಸಲೀಸಾಗಿ ಮಾರಾಟವಾಗುತ್ತದೆ.

ವಸ್ತು ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು "ಇದು ಒರಿಜಿನಲ್ಲಾ?" ಎಂದು. ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ. ಇದು ಯಾವ ಲೋಹ? ಇದು ನಿಜಕ್ಕೂ ಆ ಕಾಲದ್ದೇ? ಇದನ್ನು ಇಟ್ಟುಕೊಳ್ಳುವ ಹಕ್ಕು ನನಗಿದೆಯೇ? ಇದಕ್ಕೆ ಬೆಲೆ ಎಷ್ಟು? ಲೋಹ ಹೇಳಬಲ್ಲವನು ಕಾಲ ಹೇಳಲಾರ. ಕಾಲ ಹೇಳಬಲ್ಲವರು ಬೆಲೆ ಹೇಳುವುದಿಲ್ಲ. ಬೆಲೆ ಹೇಳುವವನಿಗೆ ಅದರಲ್ಲಿ ತನ್ನ ಲಾಭವೂ ಇರುತ್ತದೆ. ಆದ್ದರಿಂದ ಮೊದಲು ನಿಮ್ಮ ಪ್ರಶ್ನೆ ಯಾವುದು ಎಂದು ತೀರ್ಮಾನಿಸಿ, ಆಮೇಲೆ ಬಾಗಿಲು ತಟ್ಟಿ.

ಎಲ್ಲಕ್ಕಿಂತ ಮೊದಲು: ತೊಳೆಯಬೇಡಿ

ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಪೀತಾಂಬರಿ ಪುಡಿ, ಬ್ರಾಸೊ, ಇವು ಯಾವುದೂ ಹಳೆ ಲೋಹವನ್ನು ಮುಟ್ಟಬಾರದು. ತಾಮ್ರದ ಮೇಲಿನ ಕಿಲುಬು ಬರೀ ಕೊಳೆಯಲ್ಲ, ಅದು ವಸ್ತುವಿನ ವಯಸ್ಸಿಗೆ ಸಾಕ್ಷಿ. ನೂರಾರು ವರ್ಷ ಮಣ್ಣಿನಲ್ಲಿದ್ದ ತಾಮ್ರಕ್ಕೆ ಮೊದಲು ಕೆಂಪು-ಕಂದು ಪದರ ಕಟ್ಟುತ್ತದೆ, ಅದರ ಮೇಲೆ ಹಸಿರು ಪದರ ಬರುತ್ತದೆ. ಎರಡೂ ಗಟ್ಟಿಯಾಗಿ ಲೋಹಕ್ಕೆ ಅಂಟಿರುತ್ತವೆ, ಉಗುರಿನಿಂದ ಕೆರೆದರೆ ಬರುವುದಿಲ್ಲ. ಹುಳಿ ಹಾಕಿ ಉಜ್ಜಿದ ಐದೇ ನಿಮಿಷದಲ್ಲಿ ಈ ಸಾಕ್ಷಿ ಹೋಗುತ್ತದೆ, ಅದರ ಜೊತೆ ಅಕ್ಷರದ ಅಂಚೂ ಹೋಗುತ್ತದೆ. ಹೀಗೆ ಬೆಳಗಿದ ನಾಣ್ಯವನ್ನು ತಿಳಿದವರ ಕೈಗೆ ಕೊಟ್ಟರೆ ಅವರೂ ಖಚಿತವಾಗಿ ಹೇಳಲಾರರು, ಬೆಲೆಯೂ ಬಿದ್ದುಹೋಗುತ್ತದೆ.

ಮಣ್ಣು ಮೆತ್ತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ದಿನ ನೆನೆಹಾಕಿ, ಮೆತ್ತನೆಯ ಬ್ರಷ್ಷಿನಿಂದ ಮಣ್ಣನ್ನಷ್ಟೇ ಬಿಡಿಸಿ, ನೆರಳಲ್ಲಿ ಒಣಗಿಸಿ. ಸೀಸದ ನಾಣ್ಯಕ್ಕಾದರೆ ನೀರೂ ಬೇಡ, ಒಣ ಬ್ರಷ್ ಸಾಕು. ತಿಳಿ ಹಸಿರು ಪುಡಿ ಅಲ್ಲಲ್ಲಿ ಉಕ್ಕಿ ಬರುತ್ತಿದ್ದು, ಒರೆಸಿದರೂ ಮತ್ತೆ ಮತ್ತೆ ಬಂದರೆ ಅದು ಕ್ಲೋರೈಡ್ ಹಿಡಿದ ರೋಗ. ಅಂಥ ನಾಣ್ಯವನ್ನು ಬೇರೆಯವುಗಳಿಂದ ದೂರ ಇಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಒಂದನೆಯ ದಾರಿ: ಮನೆಯಲ್ಲೇ ನೋಡುವುದು

ಬೇಕಾಗುವುದು ನಾಲ್ಕೇ ಸಾಮಾನು: 0.01 ಗ್ರಾಂ ತನಕ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, 10 ಪಟ್ಟು ದೊಡ್ಡದು ಮಾಡುವ ಲೂಪ್, ಒಂದು ಗಟ್ಟಿ ಅಯಸ್ಕಾಂತ. ತಕ್ಕಡಿ ಸರಿಯಿದೆಯೇ ಎಂದು ನೋಡಲು 2011ರಲ್ಲಿ ಬಂದ ವಿನ್ಯಾಸದ (2019ರ ಹೊಸ ವಿನ್ಯಾಸದ್ದಲ್ಲ) 5 ರೂಪಾಯಿ ನಾಣ್ಯ ಇಡಿ, 6.00 ಗ್ರಾಂ ತೋರಿಸಬೇಕು. ಅದೇ ಸಾಲಿನ 1 ರೂಪಾಯಿ 3.79 ಗ್ರಾಂ. ಚಲಾವಣೆಯಲ್ಲಿ ಸವೆಯದ ಹೊಸ ನಾಣ್ಯವನ್ನೇ ಆರಿಸಿ.

ಮನೆಗಳಲ್ಲಿ ಹೆಚ್ಚು ಕಾಣುವುದು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. 1835ರಿಂದ 1939ರ ತನಕ ಅದರ ಅಳತೆ ಗೊತ್ತುಮಾಡಿದ್ದು (1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧದಷ್ಟೇ): ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7 ಭಾಗ, ಅಡ್ಡಳತೆ 30.5ರಿಂದ 30.8 ಮಿ.ಮೀ. ಅರ್ಧ ರೂಪಾಯಿ 5.83, ಕಾಲು ರೂಪಾಯಿ 2.92, ಎರಡಾಣೆ 1.46 ಗ್ರಾಂ. ಸವೆದ ರೂಪಾಯಿ 11.3ಕ್ಕೆ ಇಳಿದಿರಬಹುದು. ಮುಖದ ಗೆರೆಗಳು ಚೂಪಾಗಿದ್ದೂ ತೂಕ ಹತ್ತರ ಆಸುಪಾಸಿದ್ದರೆ, ಅಥವಾ ಹನ್ನೆರಡು ದಾಟಿದ್ದರೆ ಅನುಮಾನ ಪಡಿ. ತಾಮ್ರದ ಕಾಲಾಣೆ 6.47 ಗ್ರಾಂ ಇರುತ್ತಿತ್ತು.

ಅಯಸ್ಕಾಂತಕ್ಕೆ ಬೆಳ್ಳಿ, ಬಂಗಾರ, ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ ಅಥವಾ ನಿಕ್ಕಲ್ ಇದೆ. ಇಲ್ಲಿ ಒಂದು ಎಚ್ಚರ ಬೇಕು: ಹುಲಿ ಚಿತ್ರವಿರುವ 1947ರ ಆರನೇ ಜಾರ್ಜ್ ರೂಪಾಯಿಯನ್ನು ಮಾಡಿದ್ದೇ ನಿಕ್ಕಲ್‌ನಿಂದ. ಅದು ಅಯಸ್ಕಾಂತಕ್ಕೆ ಅಂಟಬೇಕು, ಅಂಟದಿದ್ದರೇ ತೊಂದರೆ. ಅಯಸ್ಕಾಂತಕ್ಕೆ ಅಂಟದ್ದೆಲ್ಲ ಬೆಳ್ಳಿಯೂ ಅಲ್ಲ. ಜರ್ಮನ್ ಸಿಲ್ವರ್ (ತಾಮ್ರ, ನಿಕ್ಕಲ್, ಸತು ಬೆರೆಸಿದ, ಬೆಳ್ಳಿಯೇ ಇಲ್ಲದ ಬಿಳಿ ಲೋಹ) ಕೂಡ ಅಂಟುವುದಿಲ್ಲ.

ಹಾಗಾದರೆ ಬೆಳ್ಳಿಯನ್ನೂ ಜರ್ಮನ್ ಸಿಲ್ವರನ್ನೂ ಬೇರ್ಪಡಿಸುವುದು ಹೇಗೆ? ನೀರಿನಲ್ಲಿ ತೂಗಿ. ನಾಣ್ಯಕ್ಕೆ ಗೀರೂ ಬೀಳುವುದಿಲ್ಲ, ಖರ್ಚೂ ಇಲ್ಲ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನಾವು ಹೆಚ್ಚು ನಂಬುವುದು ಇದನ್ನೇ.

ಮೊದಲು ನಾಣ್ಯವನ್ನು ಒಣದಾಗಿ ತೂಗಿ ಬರೆದಿಡಿ. ಪುಟ್ಟ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಟೇರ್ ಗುಂಡಿ ಒತ್ತಿ, ಸೊನ್ನೆ ಬರಲಿ. ಲೋಟ ಸಮೇತದ ತೂಕ ತಕ್ಕಡಿಯ ಮಿತಿಯೊಳಗಿರಬೇಕು, ಅದಕ್ಕೇ ಹಗುರವಾದ ಪ್ಲಾಸ್ಟಿಕ್ ಲೋಟ ಒಳ್ಳೆಯದು. ನಾಣ್ಯವನ್ನು ತೆಳುವಾದ ನೈಲಾನ್ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ತೂಗುಬಿಡಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಬದಿಗೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

1939ರ ತನಕದ ರೂಪಾಯಿ ಬೆಳ್ಳಿಯ ಸಾಂದ್ರತೆ ಸುಮಾರು 10.3. ಅಂದರೆ 11.66 ಗ್ರಾಂ ನಾಣ್ಯಕ್ಕೆ ತಕ್ಕಡಿ 1.13ರ ಹತ್ತಿರ ತೋರಿಸಬೇಕು. ಜರ್ಮನ್ ಸಿಲ್ವರ್ ಆದರೆ 1.34 ಬರುತ್ತದೆ. ಇಷ್ಟು ಅಂತರವನ್ನು ಅಗ್ಗದ ತಕ್ಕಡಿಯೂ ಹಿಡಿಯುತ್ತದೆ. ಉಳಿದ ಲೋಹಗಳ ಅಂಕಿಗಳನ್ನೂ ಗುರುತು ಹಾಕಿಕೊಳ್ಳಿ: ತಾಮ್ರ 8.9, ಹಿತ್ತಾಳೆ 8.4ರಿಂದ 8.7, ಕಬ್ಬಿಣ 7.9, ಸತು 7.1, ಸೀಸ 11.3, 22 ಕ್ಯಾರಟ್ ಬಂಗಾರ 17.7ರ ಆಸುಪಾಸು.

ತಪ್ಪುವುದು ಎಲ್ಲಿ ಎಂದರೆ, ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಸರಿದ ನೀರು ಹೆಚ್ಚಾಗಿ ಕಂಡು ಅಸಲಿ ಬೆಳ್ಳಿಯೂ ನಕಲಿಯಂತೆ ತೋರುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಒಣಗಿಸಿ. ಬೆಸುಗೆ ಹಾಕಿಸಿ ಕೊಂಡಿ ಕೂಡಿಸಿದ, ಸರದಿಂದ ಬಿಚ್ಚಿದ ರೂಪಾಯಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಕಾಲು ಗ್ರಾಂ, ಅರ್ಧ ಗ್ರಾಂ ತೂಗುವ "ಹಣ" ಎಂಬ ಬಂಗಾರದ ನಾಣ್ಯಕ್ಕಂತೂ ಈ ತಕ್ಕಡಿ ಸಾಲದು. ಮೈಸೂರಿನ ಕಂಠೀರವ ಹಣದಂಥ ಪುಟ್ಟ ನಾಣ್ಯ ಸರಿಸುವ ನೀರು 0.02 ಗ್ರಾಂ ಮಾತ್ರ, ತಕ್ಕಡಿಯ ತಪ್ಪೇ ಅದರ ಅರ್ಧದಷ್ಟಿರುತ್ತದೆ. ಸುಮಾರು 3.4 ಗ್ರಾಂ ತೂಗುವ ವರಹ ಎಂಬ ಬಂಗಾರದ ನಾಣ್ಯಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ: ಬಂಗಾರವಾದರೆ 0.19, ಹಿತ್ತಾಳೆಯಾದರೆ 0.40.

ಇನ್ನು ಲೂಪ್. ಅಚ್ಚು ಒತ್ತಿದ ನಾಣ್ಯದಲ್ಲಿ ಅಕ್ಷರ ಮೈಯಿಂದ ಚೂಪಾಗಿ ಎದ್ದಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಅಕ್ಷರದ ಬುಡ ದುಂಡಗೆ ಮೈಗೆ ಕರಗಿದಂತಿರುತ್ತದೆ, ಬಯಲಾದ ಜಾಗದಲ್ಲಿ ಸೂಜಿ ಚುಚ್ಚಿದಂಥ ಗುಂಡು ಕುಳಿಗಳಿರುತ್ತವೆ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಅಳಿಸಿದ ಅರದ ಗುರುತು ಇರುತ್ತದೆ. ಬೆಳ್ಳಿ ರೂಪಾಯಿಯ ಅಂಚಿನ ಹಲ್ಲುಗಳು ಸಮವಾಗಿರಬೇಕು. ಎರಕದಲ್ಲಿ ಅವು ಒಂದು ಕಡೆ ಆಳ, ಇನ್ನೊಂದು ಕಡೆ ಮಂಕು. ಇದನ್ನೇ ಎಲ್ಲ ಕಾಲದ ನಾಣ್ಯಕ್ಕೂ ಹಚ್ಚಬೇಡಿ. ಸಾತವಾಹನರ ಕಾಲದ ಸೀಸ, ಪೋಟಿನ್ (ತಾಮ್ರಕ್ಕೆ ತವರ, ಸೀಸ ಬೆರೆಸಿದ ಲೋಹ) ನಾಣ್ಯಗಳಲ್ಲಿ ಎರಕ ಹೊಯ್ದವೂ ಇವೆ. ವಿಜಯನಗರದ, ಪಾಳೆಯಗಾರರ, ಟಿಪ್ಪುವಿನ ತಾಮ್ರದ ಕಾಸುಗಳು ಕೈಯಿಂದ ಹೊಡೆದವಾದ್ದರಿಂದ ಚಿತ್ರ ಒಂದು ಬದಿಗೆ ಸರಿದಿರುವುದು, ಅಂಚು ಬಿರುಕು ಬಿಟ್ಟಿರುವುದು ಸಹಜ. ಕೈಯಿಂದ ಹೊಡೆದ ಎರಡು ಕಾಸು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಸರಿದ ಚಿತ್ರ, ಬಿರುಕು ಎಲ್ಲ ಒಂದೇ ಜಾಗದಲ್ಲಿ ಇದ್ದರೆ ಎರಡೂ ಒಂದೇ ಎರಕದ ಅಚ್ಚಿನಿಂದ ಬಂದವು.

ಕಿಲುಬು ನಿಜವೋ ಬಳಿದದ್ದೋ ನೋಡಲು ಹತ್ತಿಕಡ್ಡಿಗೆ ಅಸಿಟೋನ್ ಹಚ್ಚಿ ಒಂದು ಮೂಲೆಯಲ್ಲಿ ಒರೆಸಿ. ಬಣ್ಣವಾದರೆ ಹತ್ತಿಗೆ ಹತ್ತುತ್ತದೆ. ಅಸಿಟೋನ್ ಲೋಹವನ್ನು ಕೆಡಿಸುವುದಿಲ್ಲ, ಆದರೆ ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಮಾಡಿ. ರಾಸಾಯನಿಕದಿಂದ ಬರಿಸಿದ ಕಿಲುಬು ಇದಕ್ಕೆ ಬಿಡುವುದಿಲ್ಲ. ಅದನ್ನು ಗುರುತಿಸುವುದು ಬೇರೆ ರೀತಿ: ತಗ್ಗಿನಲ್ಲೂ ಉಬ್ಬಿನಲ್ಲೂ ಒಂದೇ ಬಣ್ಣ, ಪುಡಿಪುಡಿ, ಕೆಳಗೆ ಕೆಂಪು ಪದರವಿಲ್ಲದೆ ನೇರ ಹೊಳೆಯುವ ಲೋಹ.

ತಕ್ಕಡಿಗಿಂತ ಮೊದಲೇ ಕಣ್ಣಿಗೆ ಸಿಕ್ಕಿಬೀಳುವ ನಕಲಿಗಳೂ ಇವೆ. ನಮ್ಮ ಕಡೆ ಮನೆಮನೆಯಲ್ಲೂ ಕಾಣುವುದು 1818 ಎಂದು ಬರೆದು ಹನುಮಂತ, ರಾಮ-ಸೀತೆ, ಲಕ್ಷ್ಮಿಯ ಚಿತ್ರವಿರುವ "ಈಸ್ಟ್ ಇಂಡಿಯಾ ಕಂಪನಿ" ಆಣೆ. ಕಂಪನಿ ಇಂಥ ಆಣೆಯನ್ನು ಎಂದೂ ಅಚ್ಚು ಹಾಕಿಲ್ಲ. ಮದ್ರಾಸಿನಲ್ಲಿ ಕಂಪನಿ ದೇವರ ಚಿತ್ರವಿರುವ ಬಂಗಾರದ ವರಹ ಹೊಡೆಸಿದ್ದು ನಿಜ, ಅದು ಬೇರೆಯೇ ನಾಣ್ಯ. 1818ರ ಆಣೆ ದೇವರ ಜಗಲಿಯ ಮೇಲಿರಲಿ, ಪೂಜೆಗೆ ಅಡ್ಡಿಯಿಲ್ಲ. ಆದರೆ ಅದಕ್ಕೆ ಲಕ್ಷ ಕೊಡುತ್ತೇವೆಂದು ಹೇಳಿ "ನೋಂದಣಿ ಶುಲ್ಕ" ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಕ್ಕಿಯನ್ನು ಸೆಳೆಯುವ ಚೆಂಬು, ಇರಿಡಿಯಂ ಇರುವ ಕಳಶ ಎಂಬುದೂ ಪೂರ್ತಿ ಮೋಸ. ಇರಿಡಿಯಂಗಾಗಲಿ ಬೇರೆ ಯಾವ ಲೋಹಕ್ಕಾಗಲಿ ಅಕ್ಕಿಯನ್ನು ಎಳೆಯುವ ಗುಣವಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಪಾತ್ರೆಯೊಳಗೆ ಅಯಸ್ಕಾಂತ ಅಡಗಿಸಿ ತೋರಿಸುತ್ತಾರೆ. ಸಾಲ ಮಾಡಿ ಇದಕ್ಕೆ ದುಡ್ಡು ಸುರಿದ ಸಂಸಾರಗಳು ಬೀದಿಗೆ ಬಿದ್ದಿವೆ.

ಮನೆ ಪರೀಕ್ಷೆಯಿಂದ ಲೋಹ ತಿಳಿಯುತ್ತದೆ, ಒರಟು ನಕಲಿ ಸಿಕ್ಕಿಬೀಳುತ್ತದೆ. ಅಸಲಿ ಬೆಳ್ಳಿಯಲ್ಲೇ, ಸರಿಯಾದ ತೂಕದಲ್ಲೇ, ಅಚ್ಚು ಕೊರೆದು ಒತ್ತಿದ ನಕಲಿಯನ್ನು ಇದರಿಂದ ಹಿಡಿಯಲಾಗದು.

ಎರಡನೆಯ ದಾರಿ: ಫೋಟೊ ಕಳಿಸಿ ಕೇಳುವುದು

ನಾಣ್ಯ ಬಲ್ಲವರ ಆನ್‌ಲೈನ್ ಗುಂಪುಗಳಲ್ಲಿ ಕೇಳುವುದು ಪುಕ್ಕಟೆ, ಬೇಗ. ಇದು ಯಾವ ರಾಜನದು, ಯಾವ ಲಿಪಿ ಎಂದು ತಿಳಿಯಲು ಬಲು ಒಳ್ಳೆಯ ದಾರಿ. ಅಸಲಿಯೆಂದು ತೀರ್ಮಾನಿಸಲು ಮಾತ್ರ ದುರ್ಬಲ ದಾರಿ. ಫೋಟೊದಲ್ಲಿ ಕಂಡ ನಾಣ್ಯವನ್ನು ನಕಲಿ ಎನ್ನುವುದಕ್ಕೆ ಆಧಾರ ಇರಬಹುದು: ತಪ್ಪು ಲಿಪಿ, ತಪ್ಪು ಇಸವಿ, ಎರಕದ ಗುಳಿ. ಅಸಲಿ ಎನ್ನುವುದಕ್ಕೆ ಫೋಟೊ ಒಂದೇ ಆಧಾರವಾಗದು. ಹತ್ತು ಜನ "ಒರಿಜಿನಲ್" ಎಂದರೂ ಒಬ್ಬರು ಅಂಚಿನ ಫೋಟೊ, ತೂಕ ಕೇಳಿದರೆ ಆ ಒಬ್ಬರ ಮಾತಿಗೆ ಹೆಚ್ಚು ಬೆಲೆ ಕೊಡಿ. ಕಾರಣ ಹೇಳದೆ ಅಭಿಪ್ರಾಯ ಹೇಳುವವರನ್ನು ಬಿಡಿ.

ಫೋಟೊ ತೆಗೆಯುವ ರೀತಿಯಲ್ಲೇ ಅರ್ಧ ಉತ್ತರವಿದೆ. ಫ್ಲ್ಯಾಶ್ ಬೇಡ. ಬೆಳಗಿನ ನೆರಳು ಬೆಳಕಲ್ಲಿ, ಬಿಳಿ ಅಥವಾ ಬೂದು ಕಾಗದದ ಮೇಲೆ, ಎರಡೂ ಮುಖ, ಅಂಚು ಮೂರನ್ನೂ ತೆಗೆಯಿರಿ. ಜೊತೆಗೆ ಒಂದು ಸ್ಕೇಲ್ ಇಡಿ. ಅಕ್ಷರ ಸವೆದಿದ್ದರೆ ಒಂದೇ ಬದಿಯಿಂದ, ತೀರಾ ತಗ್ಗಿನಿಂದ ಬೆಳಕು ಬೀಳುವಂತೆ ಇನ್ನೊಂದು ಫೋಟೊ ತೆಗೆಯಿರಿ. ತೂಕ, ಅಡ್ಡಳತೆ, ಅಯಸ್ಕಾಂತದ ಫಲ ಬರೆಯಿರಿ. ವೀರಗಲ್ಲು, ಶಾಸನಗಳಿಗೂ ಇದೇ ಓರೆ ಬೆಳಕು ಸಾಕು. ಸೀಮೆಸುಣ್ಣ, ಎಣ್ಣೆ, ಕುಂಕುಮ ಬಳಿದು ಅಕ್ಷರ ಎಬ್ಬಿಸಬೇಡಿ.

ಸಿಕ್ಕ ಜಾಗದ ಹೆಸರು, ಸರ್ವೆ ನಂಬರು, ಫೋಟೊದೊಳಗಿನ ಲೊಕೇಶನ್ ಯಾವುದನ್ನೂ ಹತ್ತಾರು ಅಪರಿಚಿತರಿಗೆ ಕಳಿಸಬೇಡಿ. ನಿಧಿಯ ಆಸೆಗೆ ರಾತ್ರೋರಾತ್ರಿ ಗುಡಿ, ಮಂಟಪ, ಬುರುಜು ಅಗೆಯುವವರು ನಮ್ಮ ಸೀಮೆಯಲ್ಲಿ ಇದ್ದಾರೆ. "ನಾಣ್ಯ ನನಗೆ ಕೊಡಿ, ನೋಡಿ ಹೇಳುತ್ತೇನೆ" ಎಂದು ಕೊರಿಯರ್ ವಿಳಾಸ ಕಳಿಸುವವರಿಗೂ ಕೊಡಬೇಡಿ.

ಲಿಪಿಯ ವಿಚಾರದಲ್ಲಿ ಫೋಟೊ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಎರಡು ಉದಾಹರಣೆ. ಕೃಷ್ಣದೇವರಾಯನ ವರಹದಲ್ಲಿ ಒಂದು ಕಡೆ ಕೂತ ಬಾಲಕೃಷ್ಣ, ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ ಮೂರು ಸಾಲು "ಶ್ರೀ ಪ್ರತಾಪ ಕೃಷ್ಣರಾಯ" ಎಂದಿರುತ್ತದೆ. ಅದರ ಮೇಲೆ ಇಂದಿನ ಕನ್ನಡ ಅಕ್ಷರವಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಟಿಪ್ಪುವಿನ ಆನೆ ಕಾಸಿನ ಹಿಂದೆ ಟಂಕಸಾಲೆಯ ಹೆಸರು ಪಾರಸಿಯಲ್ಲಿರುತ್ತದೆ. ಶ್ರೀರಂಗಪಟ್ಟಣದ್ದಕ್ಕೆ "ಪಟನ್", ನಮ್ಮ ಚಿತ್ರದುರ್ಗದ್ದಕ್ಕೆ "ಫರ್ರುಖ್‌ಯಾಬ್ ಹಿಸಾರ್". ಟಿಪ್ಪು ಹಿಜರಿ ಶಕ ಬಿಟ್ಟು ಮೌಲೂದಿ ಶಕ (ಪ್ರವಾದಿಯ ಹುಟ್ಟಿನಿಂದ ಎಣಿಸುವ ಶಕ) ತಂದ ಮೇಲೆ, ಅಂದರೆ ಆ ಶಕದ 1215ರಿಂದ ಮುಂದಿನ ಇಸವಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದ ನಕಲಿಗಾರರ ನಾಣ್ಯದಲ್ಲಿ ಅಂಕಿಗಳು ತಿರುವುಮುರುವಾಗಿರುತ್ತವೆ, ಪಾರಸಿ ಅಕ್ಷರ ಬರೀ ಗೆರೆಗಳಾಗಿರುತ್ತದೆ. ಪ್ರವಾಸಿ ತಾಣಗಳಲ್ಲಿ ಮಾರುವ ಹಿತ್ತಾಳೆಯ ಆನೆ ಕಾಸುಗಳ ತೂಕವೂ ಹೊಂದುವುದಿಲ್ಲ. ಅಸಲಿ ಒಂದು ಪೈಸೆ 11 ಗ್ರಾಂ ಆಸುಪಾಸು, ಎರಡು ಪೈಸೆಯದು ಅದರ ಎರಡರಷ್ಟು.

ಮೂರನೆಯ ದಾರಿ: ಅಕ್ಕಸಾಲಿ, ಹಾಲ್‌ಮಾರ್ಕ್ ಕೇಂದ್ರ

ಪ್ರಶ್ನೆ "ಇದು ಬಂಗಾರವೇ?" ಎಂದಷ್ಟೇ ಆಗಿದ್ದರೆ ಇಲ್ಲಿಗೆ ಹೋಗಿ. ಒರೆಗಲ್ಲಿಗೆ ಉಜ್ಜಲು ಬಿಡಬೇಡಿ, ಹಳೆ ನಾಣ್ಯಕ್ಕೆ ಆ ಗೀರು ಕಾಯಂ ಗಾಯ. ಎಕ್ಸ್‌ಆರ್‌ಎಫ್ ಯಂತ್ರದಲ್ಲಿ (ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುವ ಯಂತ್ರ) ಇಟ್ಟು ನೋಡಿಸಿ, ಎರಡು ನಿಮಿಷದಲ್ಲಿ ಲೋಹಗಳ ಶೇಕಡ ಪಟ್ಟಿ ಕೊಡುತ್ತದೆ, ವಸ್ತುವಿಗೆ ಏನೂ ಆಗುವುದಿಲ್ಲ. ಆದರೆ ಆ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ. ದಪ್ಪಗೆ ಬಂಗಾರದ ಲೇಪ ಹಾಕಿದ ತಾಮ್ರವೂ ಬಂಗಾರವೆಂದೇ ತೋರಬಹುದು. ಮಣ್ಣಿನಲ್ಲಿದ್ದ ಬೆಳ್ಳಿಯ ಮೈಮೇಲಿನ ತಾಮ್ರ ಕರಗಿ ಹೋಗಿರುವುದರಿಂದ ಬೆಳ್ಳಿಯ ಪ್ರಮಾಣ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಆದ್ದರಿಂದ ಯಂತ್ರದ ಅಂಕಿಯನ್ನೂ ನೀರಿನ ತೂಕವನ್ನೂ ಜೊತೆಗಿಟ್ಟು ನೋಡಿ. ಎರಡೂ ಹೊಂದಿದರೆ ಒಳಗೂ ಹೊರಗೂ ಒಂದೇ ಲೋಹ.

ಲೋಹ ಅಸಲಿಯಾದ ಮಾತ್ರಕ್ಕೆ ನಾಣ್ಯ ಹಳೆಯದಾಗುವುದಿಲ್ಲ. ಇವತ್ತಿನ ಬಂಗಾರದಲ್ಲಿ ನಾಳೆ ವರಹ ಹೊಡೆಯಬಹುದು.

ನಮ್ಮ ಎರಡೂ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಪೊಲೀಸ್ ಠಾಣೆ ಹತ್ತುವ ಮೋಸ ನಿಂತಿರುವುದೇ ಅಕ್ಕಸಾಲಿಯ ಈ ಪರೀಕ್ಷೆಯ ಮೇಲೆ. "ಪಾಯ ತೆಗೆಯುವಾಗ ಬಂಗಾರದ ನಾಣ್ಯದ ಗಡಿಗೆ ಸಿಕ್ಕಿದೆ, ಮಾರಲು ಭಯ, ಅಗ್ಗಕ್ಕೆ ಕೊಡುತ್ತೇವೆ" ಎಂದು ಫೋನ್ ಬರುತ್ತದೆ. ಬಂದವರ ಕೈಗೆ ಒಂದೆರಡು ನಾಣ್ಯ ಕೊಟ್ಟು "ನೀವೇ ನಿಮ್ಮ ಅಕ್ಕಸಾಲಿಗೆ ತೋರಿಸಿ" ಎನ್ನುತ್ತಾರೆ. ಅವು ಅಪ್ಪಟ ಬಂಗಾರವೇ. ದುಡ್ಡು ತಂದ ದಿನ ಕೊಡುವ ಚೀಲದ ತುಂಬ ಇರುವುದು ಹಿತ್ತಾಳೆ ಬಿಲ್ಲೆ. ಮಾದರಿಯ ಪರೀಕ್ಷೆ ಆ ಮಾದರಿಗೆ ಮಾತ್ರ ಸಲ್ಲುತ್ತದೆ, ಚೀಲಕ್ಕಲ್ಲ. ನಿಜವಾಗಿ ನಿಧಿಯೇ ಆಗಿದ್ದರೂ ಅದನ್ನು ಹೀಗೆ ಕೊಳ್ಳುವುದು ಅಪರಾಧ. ಈ ಕರೆ ಬಂದರೆ ಪರೀಕ್ಷೆಯ ಮಾತೇ ಬೇಡ, 112ಕ್ಕೆ ಕರೆ ಮಾಡಿ.

ನಾಲ್ಕನೆಯ ದಾರಿ: ನಾಣ್ಯದ ವ್ಯಾಪಾರಿ, ಹಳೆಯ ಸಂಗ್ರಾಹಕ

ಸಾವಿರಾರು ನಾಣ್ಯ ಕೈಯಲ್ಲಿ ಹಿಡಿದವರ ಕಣ್ಣು ಯಂತ್ರಕ್ಕಿಂತ ಚುರುಕು. ಅಚ್ಚು ಒತ್ತಿದ ಒಳ್ಳೆಯ ನಕಲಿಯನ್ನು ಹಿಡಿಯುವವರು ಇವರೇ. ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಲ್ಲಿ ಒಂದೇ ದಿನ ನಾಲ್ಕೈದು ಜನರಿಗೆ ತೋರಿಸಬಹುದು. ತೊಡಕು ಒಂದೇ, ಕೊಳ್ಳುವ ಆಸೆಯಿರುವವನು ತೀರ್ಪು ಕೊಡುತ್ತಿರುತ್ತಾನೆ. ಅದಕ್ಕೆ ಸುಲಭದ ಉಪಾಯ: "ಮಾರುವುದಿಲ್ಲ, ತಿಳಿಯಬೇಕಷ್ಟೆ" ಎಂದು ಮೊದಲೇ ಹೇಳಿ. ಆಮೇಲೆ ಬೆಲೆ ಕೇಳಬೇಡಿ, "ಅಸಲಿ ಎನ್ನಲು ಏನು ನೋಡಿದಿರಿ?" ಎಂದು ಕೇಳಿ. ತಿಳಿದವರು ಅಚ್ಚಿನ ಗುರುತು, ಅಂಚು, ಅಕ್ಷರದ ಮೊಳೆ ತೋರಿಸಿ ವಿವರಿಸುತ್ತಾರೆ. ಮಾರುವುದೇ ಉದ್ದೇಶವಾದರೆ ಒಬ್ಬರ ಮಾತಿಗೆ ಕೊಡಬೇಡಿ, ಹರಾಜುಗಳಲ್ಲಿ ಅದೇ ನಾಣ್ಯ ಹೋದ ಬೆಲೆ ನೋಡಿಕೊಳ್ಳಿ. ಹಳೆ ಇಸವಿ ಎಂದರೆ ಅಪರೂಪ ಎಂದೂ ಅಲ್ಲ. 1862 ಎಂದು ಬರೆದ ವಿಕ್ಟೋರಿಯಾ ರೂಪಾಯಿಯನ್ನು ಅದೇ ಇಸವಿ ಹಾಕಿ 1874ರವರೆಗೂ ಹೊಡೆದಿದ್ದಾರೆ, ಅದು ಧಾರಾಳವಾಗಿ ಸಿಗುತ್ತದೆ. ತದ್ವಿರುದ್ಧವಾಗಿ 1939ರ ರೂಪಾಯಿ ನಿಜಕ್ಕೂ ವಿರಳ, ಹಾಗಾಗಿಯೇ ಬೇರೆ ಇಸವಿಯ ಅಂಕಿ ತಿದ್ದಿ 1939 ಮಾಡುತ್ತಾರೆ. ಕೊನೆಯ ಅಂಕಿಯ ಸುತ್ತ ಲೂಪ್ ಹಿಡಿದು ಕೆರೆದ ಗುರುತು ಹುಡುಕಿ.

ವಿಗ್ರಹ, ಶಿಲ್ಪ, ತಾಮ್ರಶಾಸನಗಳನ್ನು ಮಾತ್ರ ವ್ಯಾಪಾರಿಯ ಬಳಿ ಒಯ್ಯಲೇಬೇಡಿ. ಕಾರಣ ಮುಂದಿದೆ.

ಐದನೆಯ ದಾರಿ: ವಸ್ತುಸಂಗ್ರಹಾಲಯ, ಪುರಾತತ್ವ ಇಲಾಖೆ

ನೆಲದಲ್ಲಿ ಸಿಕ್ಕಿದ್ದಾದರೆ ಬೇರೆ ಆಯ್ಕೆಯೇ ಇಲ್ಲ. ನಿಧಿಯ ಕಾಯ್ದೆಯಂತೆ ಸಿಕ್ಕವರು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ತಹಶೀಲ್ದಾರ್ ಕಚೇರಿಯ ಮೂಲಕವೂ, ಪೊಲೀಸ್ ಠಾಣೆಯ ಮೂಲಕವೂ ಸುದ್ದಿ ಮುಟ್ಟಿಸಬಹುದು. ಮುಚ್ಚಿಟ್ಟರೆ ಶಿಕ್ಷೆ, ತಿಳಿಸಿದರೆ ಸಿಕ್ಕವರ ಹಕ್ಕನ್ನೂ ಜಮೀನಿನವರ ಹಕ್ಕನ್ನೂ ಕಾನೂನು ವಿಚಾರಿಸುತ್ತದೆ. ಮನೆಯಲ್ಲೇ ತಲೆಮಾರಿನಿಂದ ಇದ್ದ ವಸ್ತುವಿಗೆ ಅನ್ವಯಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆ. ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಅದರೊಳಗೆ ಬರುತ್ತವೆ. ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಶಿಲ್ಪ, ಲೋಹದ ವಿಗ್ರಹ, ಚಿತ್ರಪಟದಂಥ ವರ್ಗಗಳನ್ನು ನೋಂದಾಯಿಸಬೇಕು, ಮಾರುವ ವ್ಯಾಪಾರಿಗೆ ಪರವಾನಗಿ ಬೇಕು, ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಚಿತ್ರದುರ್ಗದವರಿಗೆ ಹತ್ತಿರದ್ದು ಊರೊಳಗೆ ರಂಗಯ್ಯನ ಬಾಗಿಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ. ವಸ್ತು ಹೊತ್ತು ನೇರ ಹೋಗುವ ಬದಲು ಮೊದಲು ಫೋಟೊ, ತೂಕ, ಅಳತೆ ಬರೆದ ಹಾಳೆ ಒಯ್ಯಿರಿ. ಇಲ್ಲಿ ಬೆಲೆ ಹೇಳುವುದಿಲ್ಲ, ಅದನ್ನು ಕೇಳಲೂಬಾರದು. ಉತ್ತರ ಬರುವುದು ನಿಧಾನ, ಲಿಪಿತಜ್ಞರಿಗೆ ಕಳಿಸಬೇಕಾದರೆ ಇನ್ನೂ ನಿಧಾನ. ಆದರೂ ವಸ್ತು ಯಾವ ಕಾಲದ್ದು ಎಂಬ ಪ್ರಶ್ನೆಗೆ ಇಲ್ಲಿ ಸಿಗುವಷ್ಟು ಭದ್ರವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ, ಉತ್ತರ ಕೊಡುವವರಿಗೆ ಅದರಿಂದ ಲಾಭವೂ ಇಲ್ಲ. ತಾಳೆಗರಿ ಕಟ್ಟುಗಳಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇದೆ. ಗರಿಯ ದಾರ ಬಿಚ್ಚದೆ, ಎಣ್ಣೆ ಸವರದೆ ಒಯ್ಯಿರಿ.

ವಸ್ತುವಿಗಿಂತ ಅದು ಬಿದ್ದಿದ್ದ ಜಾಗವೇ ಹೆಚ್ಚು ಹೇಳುತ್ತದೆ. ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದಾಗ ಕಾಲ ನಿರ್ಣಯಕ್ಕೆ ನೆರವಾದದ್ದು ನಾಣ್ಯಗಳು, ಮಡಕೆ ಚೂರುಗಳು ಯಾವ ಪದರದಲ್ಲಿ ಯಾವುದರ ಜೊತೆ ಇದ್ದವು ಎಂಬ ಲೆಕ್ಕ. ಅದೇ ನಾಣ್ಯ ಯಾರದೋ ಜೇಬಿನಿಂದ ಬಂದಿದ್ದರೆ ಅದೊಂದು ಹಳೆ ನಾಣ್ಯ ಅಷ್ಟೇ ಆಗಿರುತ್ತಿತ್ತು, ಅಸಲಿಯೇ ಎಂಬ ಅನುಮಾನವೂ ಉಳಿಯುತ್ತಿತ್ತು. ಹಾಗಾಗಿ ಗಡಿಗೆ ಕಂಡರೆ ಎತ್ತಬೇಡಿ, ಅಗೆತ ನಿಲ್ಲಿಸಿ. ಚಂದ್ರವಳ್ಳಿ, ಬ್ರಹ್ಮಗಿರಿ, ಕೋಟೆಯ ಒಳಗೆ ನೆಲದ ಮೇಲೆ ಬಿದ್ದ ಮಡಕೆ ಚೂರನ್ನೂ ಎತ್ತಿ ಜೇಬಿಗೆ ಹಾಕಬೇಡಿ. ಮೆಟಲ್ ಡಿಟೆಕ್ಟರ್ ಹಿಡಿದು ಹೋಗುವ ಮಾತಂತೂ ಬೇಡವೇ ಬೇಡ.

ಆರನೆಯ ದಾರಿ: ಗ್ರೇಡಿಂಗ್ ಕಂಪನಿ, ಲ್ಯಾಬು

ಎನ್‌ಜಿಸಿ, ಪಿಸಿಜಿಎಸ್‌ನಂಥ ಕಂಪನಿಗಳು ಶುಲ್ಕ ತೆಗೆದುಕೊಂಡು ನಾಣ್ಯ ಪರೀಕ್ಷಿಸಿ, ನಂಬರು ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಕಾನೂನಿನಂತೆ ನಿಮ್ಮದೇ ಆದ, ದುಬಾರಿಯಾದ, ಬ್ರಿಟಿಷ್ ಕಾಲದ ನಾಣ್ಯಕ್ಕೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ರೂಪಾಯಿಗೆ ಶುಲ್ಕವೇ ನಾಣ್ಯದ ಬೆಲೆ ಮೀರುತ್ತದೆ. ನೂರು ವರ್ಷ ದಾಟಿದ ನಾಣ್ಯ ವಿದೇಶಕ್ಕೆ ಹೋಗುವಂತಿಲ್ಲವಾದ್ದರಿಂದ ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂದು ಕೊಡುವ ಮೊದಲೇ ಕೇಳಿ. ಪೆಟ್ಟಿಗೆಯಲ್ಲಿರುವುದನ್ನು ಕೊಳ್ಳುವಾಗ ಅದರ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿನ ಫೋಟೊದ ಗೀರುಗಳು ಕೈಯಲ್ಲಿರುವ ನಾಣ್ಯದ ಗೀರುಗಳಿಗೆ ಹೊಂದುತ್ತವೆಯೇ ನೋಡಿ, ಏಕೆಂದರೆ ಪೆಟ್ಟಿಗೆಯನ್ನೂ ನಕಲು ಮಾಡುತ್ತಾರೆ.

"ಕಾರ್ಬನ್ ಟೆಸ್ಟ್ ಮಾಡಿಸಿದೆ" ಎಂದು ಲೋಹದ ವಿಗ್ರಹದ ಜೊತೆ ಕಾಗದ ತೋರಿಸಿದರೆ ಆ ಕಾಗದವೇ ಸುಳ್ಳು. ಕಾರ್ಬನ್ ಪರೀಕ್ಷೆ ಆಗುವುದು ಮರ, ಇದ್ದಿಲು, ಮೂಳೆ, ತಾಳೆಗರಿಯಂಥ ಜೀವ ಇದ್ದ ವಸ್ತುವಿಗೆ. ಕಂಚಿಗೆ, ಕಲ್ಲಿಗೆ ಆಗದು. ಸುಟ್ಟ ಮಣ್ಣಿಗೆ ಥರ್ಮೋಲ್ಯುಮಿನಿಸೆನ್ಸ್ ಎಂಬ ಬೇರೆ ಪರೀಕ್ಷೆಯಿದೆ, ಅದಕ್ಕೆ ವಸ್ತುವಿನಿಂದ ಚೂರು ಪುಡಿ ಕೊರೆದು ತೆಗೆಯಬೇಕು.

ಕಂಚಿನ, ಹಿತ್ತಾಳೆಯ ವಿಗ್ರಹವನ್ನು ಕಣ್ಣಿಂದಲೇ ಅಳೆಯಲು ಒಂದೆರಡು ಗುರುತು. ನಿಜವಾಗಿ ಪೂಜೆಗೊಂಡ ಮೂರ್ತಿಯಲ್ಲಿ ಅಭಿಷೇಕ, ಕೈ ತಾಗುವ ಮುಖ, ಎದೆ, ಮೊಣಕಾಲು ಸವೆದು ನುಣುಪಾಗಿರುತ್ತವೆ, ತೋಳಿನ ಸಂದು, ಪೀಠದ ಮೂಲೆ ಸವೆದಿರುವುದಿಲ್ಲ. ಮರಳುಕಾಗದದಿಂದ ಸವೆಸಿದ ಹೊಸ ಮೂರ್ತಿಯಲ್ಲಿ ಎಲ್ಲ ಕಡೆ ಒಂದೇ ಸವೆತ, ಒಂದೇ ದಿಕ್ಕಿನ ಗೀರು. ಪೀಠ ತಿರುವಿ ನೋಡಿ: ಗ್ರೈಂಡರಿನ ಸಮಾನಾಂತರ ಗೆರೆ, ಯಂತ್ರದಲ್ಲಿ ಕೊರೆದ ಸ್ಕ್ರೂ ತೂತು ಕಂಡರೆ ಹಳೆಯದೆಂಬ ಮಾತು ಅಲ್ಲಿಗೆ ನಿಂತಿತು. ಇವೆಲ್ಲ ದಾಟಿದ ಮೂರ್ತಿಯಾದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಯಾವ ಗುಡಿಯಿಂದ ಬಂತು? ಅದಕ್ಕೆ ಉತ್ತರವಿಲ್ಲದ ಅಸಲಿ ವಿಗ್ರಹ ನಕಲಿಗಿಂತ ಅಪಾಯ. ಕೊಳ್ಳಬೇಡಿ, ಇಲಾಖೆಗೆ ತಿಳಿಸಿ.

ಹಾಗಾದರೆ ಯಾವುದಕ್ಕೆ ಯಾವುದು

ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿಗೆ ಮನೆಯ ತಕ್ಕಡಿ, ನೀರಿನ ಲೋಟ ಸಾಕು. ಇಸವಿ ವಿರಳವಾದರೆ ಮಾತ್ರ ಸಂಗ್ರಾಹಕರ ಬಳಿ ಹೋಗಿ. ಸಂತೆಯಲ್ಲಿ ಕೊಳ್ಳುವ ತಾಮ್ರದ ಕಾಸಿಗೆ ಲೂಪ್ ಮತ್ತು ಫೋಟೊ. ಮನೆತನದ ವರಹ, ಹಣಕ್ಕೆ ಎಕ್ಸ್‌ಆರ್‌ಎಫ್, ಆಮೇಲೆ ಇಬ್ಬರು ಬೇರೆ ಬೇರೆ ಸಂಗ್ರಾಹಕರು. ವಿಗ್ರಹ, ಶಾಸನ, ವೀರಗಲ್ಲು, ತಾಳೆಗರಿ, ಹಾಗೆಯೇ ಮಣ್ಣಿನಿಂದ ಬಂದದ್ದು ಏನೇ ಇರಲಿ, ನೇರ ಜಿಲ್ಲಾಡಳಿತ ಮತ್ತು ಇಲಾಖೆ.

ಜಿಲ್ಲಾಧಿಕಾರಿಗೆ ಬರೆಯುವ ಅರ್ಜಿ ಒಂದು ಹಾಳೆ ಸಾಕು. ಸಿಕ್ಕ ದಿನ, ಹೊತ್ತು. ಗ್ರಾಮ, ಹೋಬಳಿ, ಸರ್ವೆ ನಂಬರು, ಜಮೀನು ಯಾರ ಹೆಸರಲ್ಲಿದೆ. ಎಷ್ಟು ಅಡಿ ಆಳ, ಜೊತೆಗೆ ಮಡಕೆ, ಇಟ್ಟಿಗೆ, ಮೂಳೆ ಏನಾದರೂ ಇತ್ತೇ. ಆಗಲೇ ಕೈಗೆ ಬಂದಿರುವ ವಸ್ತುಗಳ ಎಣಿಕೆ, ಪ್ರತಿಯೊಂದರ ತೂಕ. ಆಗ ಅಲ್ಲಿದ್ದ ಇಬ್ಬರ ಹೆಸರು, ಸಹಿ. ಫೋಟೊಗಳನ್ನು ಲಗತ್ತಿಸಿ, ಎರಡು ಪ್ರತಿ ಮಾಡಿ, ಟಪಾಲು ವಿಭಾಗದಲ್ಲಿ ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ಅಧಿಕಾರಿಗಳು ಬರುವ ತನಕ ಆ ಗುಂಡಿಯ ಮೇಲೆ ತಾಡಪತ್ರಿ ಹೊದಿಸಿ, ನೀರು ಹೋಗದಂತೆ ಸುತ್ತ ಸಣ್ಣ ಬದು ಕಟ್ಟಿ.